ಸೋವಿಯತ್ ಪೊಲೀಸನಿಗೆ ನಮ್ಮ ಸಂಘದ ಪಾನಕ

ನಮ್ಮ ಸಂಘದಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ. ಒಂದು ಮುಗಿಯಿತು ಎಂದು ಉಸಿರು ಬಿಡುವಷ್ಟರಲ್ಲಿ ಮುಂದಿನದಕ್ಕೆ ವಾಟ್ಸಾಪ್ ಗ್ರೂಪ್ ಶುರುವಾಗಿರುತ್ತದೆ. ಅಮೆರಿಕದ ಸಿಯಾಟಲ್ ಸುತ್ತಮುತ್ತಲಿನ ಕನ್ನಡಿಗರು ಕೆಲವರು ಕೂಡಿ ಆಗಾಗ ಒಂದು ಒಳ್ಳೆಯ ಸಿನಿಮಾ ನೋಡೋಣ ಎಂದು ಕಟ್ಟಿಕೊಂಡ ಸಂಘ ಇದು. ಈಗ ಅದಕ್ಕೆ ಅಧ್ಯಕ್ಷರಿದ್ದಾರೆ, ಕಮಿಟಿ ಇದೆ, ಶಾಲು ಹಾರಗಳ ಡಬ್ಬ ಇದೆ. ಒಳ್ಳೆಯ ಸಿನಿಮಾ ಮಾತ್ರ ಇರಲಿಲ್ಲ. ಅದನ್ನು ತರಲು ಹೋದವನು ನಾನು. ಫ್ಯಾಕ್ಟೋರಿಯಾ ಎಂಬ ಬಡಾವಣೆಯ ಆಫೀಸಿನಲ್ಲಿ ಸಾಫ್ಟ್‌ವೇರಿನ ತಪ್ಪು ಹುಡುಕುವುದು ನನ್ನ ಹೊಟ್ಟೆಪಾಡು. ಆ ಚಟ ಮನೆಗೂ ಬರುತ್ತದೆ ಎಂದು ಹೆಂಡತಿಯ ದೂರು. ಓದುವವರು ಅಷ್ಟನ್ನು ವಜಾ ಮಾಡಿಕೊಂಡು ಓದಬೇಕು.

ಮೇಲಿನ ಮನೆಯ ನಟಿ

ಲಿನ್‌ವುಡ್‌ನ ನಮ್ಮ ಅಪಾರ್ಟ್‌ಮೆಂಟಿನಲ್ಲಿ, ನಮ್ಮ ಮೇಲಿನ ಮನೆಯಲ್ಲಿ ಒಬ್ಬ ರಷ್ಯನ್ ಅಜ್ಜಿ ಇದ್ದಾರೆ. ಎಂಬತ್ತರ ಆಸುಪಾಸು. ತಮ್ಮ ಹಳೆಯ ನೀಲಿ ಕಾರನ್ನು ಈಗಲೂ ತಾವೇ ಓಡಿಸುತ್ತಾರೆ. ಅವರು ರಿವರ್ಸ್ ತೆಗೆಯುವಾಗ ನಾವೆಲ್ಲ ಮನೆದೇವರನ್ನು ನೆನೆಯುತ್ತೇವೆ. ನಾನು ಸಿನಿಮಾ ಸಂಘದವನು ಎಂದು ಗೊತ್ತಾದ ದಿನ ಮೆಟ್ಟಿಲ ಮೇಲೇ ನನ್ನನ್ನು ಅಡ್ಡಗಟ್ಟಿ, ತಮ್ಮ ಮುರುಕು ಇಂಗ್ಲಿಷಿನಲ್ಲಿ, "ನಾನೂ ಸಿನಿಮಾದಲ್ಲಿದ್ದೇನೆ" ಎಂದರು.

ಸೋವಿಯತ್ ದೇಶ ಇನ್ನೇನು ಕುಸಿಯಲಿದ್ದ ಕಾಲದ ಚಿತ್ರ. ಸಣ್ಣ ಊರು, ದೊಡ್ಡ ಕಾರ್ಖಾನೆ. ಕಾರ್ಖಾನೆಯ ಮಾಲು ಕದ್ದು ಮಾರುವುದನ್ನು ಕಂಡ ಕಾವಲುಗಾರನನ್ನು ಮ್ಯಾನೇಜರನ ಅಳಿಯ ಹಾಡುಹಗಲೇ ಒಂದು ವಸತಿ ಕಟ್ಟಡದ ಮೆಟ್ಟಿಲ ಮೇಲೆ ಬಡಿದು ಕೊಲ್ಲುತ್ತಾನೆ. ಕೊಂದವನು ಯಾರೆಂದು ಕಟ್ಟಡಕ್ಕೆಲ್ಲ ಗೊತ್ತು. ಯಾರೂ ಬಾಯಿ ಬಿಡುವುದಿಲ್ಲ. ತನಿಖೆಗೆ ಬಂದ ಪೊಲೀಸ ಲಂಚ ತಿಂದು, ಕುಡಿದು, ಕೊಲೆಯನ್ನು ಒಬ್ಬ ಪಾಪದವನ ತಲೆಗೆ ಕಟ್ಟುತ್ತಾನೆ. ಕೊನೆಗೆ ಮ್ಯಾನೇಜರನಿಗೆ ಸರಕಾರದ ಪದಕ. ಅಲ್ಲಿಗೆ ಕಥೆ ಮುಗಿಯಿತು.

ಅಜ್ಜಿಯದು ಅದರಲ್ಲಿ ಒಂದೇ ದೃಶ್ಯ. ಕಿರುಚಾಟ ಕೇಳಿ ಬಾಗಿಲು ತೆರೆದು, ಹೊಡೆತ ನೋಡಿ, ಬಾಗಿಲು ಹಾಕಿಕೊಳ್ಳುವ ನೆರೆಮನೆಯವಳು. ಒಂದು ಮಾತೂ ಇಲ್ಲ. ಆ ಚಿತ್ರ ಬಿಡುಗಡೆಯಾದ ವಾರದಲ್ಲೇ ಅದನ್ನು ಥಿಯೇಟರಿನಿಂದ ತೆಗೆಸಿದರಂತೆ. ಅಷ್ಟರೊಳಗೆ ನೋಡಲಾಗದ ಅಜ್ಜಿ ತಮ್ಮ ಮುಖವನ್ನು ನೋಡಿದ್ದು ಎಷ್ಟೋ ವರ್ಷದ ಮೇಲೆ, ಫೋನಿನಲ್ಲಿ ಮಾತ್ರ.

"ಒಂದೇ ಸಲ, ದೊಡ್ಡ ಪರದೆ, ಹಾಲ್ ತುಂಬ ಜನ. ಎಲ್ಲರೂ ನನ್ನನ್ನು ನೋಡಬೇಕು. ಆಮೇಲೆ ಸತ್ತರೂ ಚಿಂತೆಯಿಲ್ಲ" ಎಂದರು. ಆ ಕಣ್ಣು ನೋಡಿ ನಾನು ಮಾತು ಕೊಟ್ಟುಬಿಟ್ಟೆ.

ಮನೆಗೆ ಬಂದು ಹೇಳಿದರೆ ನನ್ನ ಹೆಂಡತಿ ಪಾತ್ರೆ ತೊಳೆಯುತ್ತಲೇ ಅಂದಳು, "ಅಜ್ಜಿ ಸಾಯ್ತಾಳಂತ ಚಿಂತಿ ಮಾಡಬ್ಯಾಡ್ರಿ. ನಿಮ್ಮ ಕಮಿಟಿ ಹೂಂ ಅನ್ನೂತನಕ ಕಾಯಬೇಕಂದ್ರ ನೂರು ವರ್ಷ ಬದುಕ್ತಾಳ."

ಮೆಸೇಜ್ ಏನು?

ಅಧ್ಯಕ್ಷರ ಮನೆ ಕರ್ಕ್‌ಲ್ಯಾಂಡಿನಲ್ಲಿ, ಕೆರೆ ಕಾಣುವ ಕಡೆ. ಮೀಟಿಂಗ್ ಅಲ್ಲೇ. ನಾನು ಕಥೆ ಹೇಳಿದೆ. ಒಂದು ಸಮಾಜ ಒಳಗಿನಿಂದ ಹೇಗೆ ಕೊಳೆಯುತ್ತದೆ ಎಂದು ಸ್ವಲ್ಪ ಭಾಷಣವನ್ನೂ ಬಿಗಿದೆ.

"ಮೆಸೇಜ್ ಏನಿದೆ ಇದ್ರಲ್ಲಿ?" ಎಂದರು ಅಧ್ಯಕ್ಷರು.

"ಎಲ್ಲಾರೂ ಸುಮ್ನಿದ್ರ ಹಿಂಗಾಗ್ತದ ಅಂತ, ಸರ್."

"ಅದು ನೆಗೆಟಿವ್ ಆಯ್ತಲ್ರೀ. ಜನ ವೀಕೆಂಡ್ ಬರೋದು ರಿಲ್ಯಾಕ್ಸ್ ಆಗೋಕೆ. ಹಾಡು?"

"ಇಲ್ರೀ."

"ಹೋಗ್ಲಿ, ಕೊನೇಗೆ ಕೊಲೆಗಾರ ಸಿಕ್ಕಿಹಾಕ್ಕೋತಾನೆ ತಾನೇ?"

"ಇಲ್ರೀ. ಅವನ ಮಾವಗ ಪದಕ ಕೊಡ್ತಾರ."

ಅಧ್ಯಕ್ಷರ ಮುಖ ಅರಳಿತು. "ಸನ್ಮಾನದ ಸೀನ್ ಇದೆ ಅಂತ ಮೊದಲೇ ಹೇಳಬಾರ್ದಾ? ಹ್ಯಾಪಿ ಎಂಡಿಂಗ್ ಅದು!"

ಕಮಿಟಿಯವರೆಲ್ಲ ಒಪ್ಪಿಗೆಗೆ ಕೈ ಎತ್ತಿದರು. ಅವೇ ಕೈಗಳು ಸ್ವಲ್ಪ ಹೊತ್ತಿನ ಮುಂಚೆ ಬೇಡ ಎನ್ನುವುದಕ್ಕೂ ಎದ್ದಿದ್ದವು. ಕೈಗಳಿಗೇನು, ಭುಜ ಹೇಳಿದಂತೆ ಕೇಳುತ್ತವೆ, ತಲೆಯನ್ನು ಕೇಳುವುದಿಲ್ಲ.

ಪಾನಕ

ಕನ್ನಡ ಸಬ್‌ಟೈಟಲ್ ನನ್ನ ಪಾಲಿಗೆ ಬಂತು. ಸಂಜೆ ಸಂಜೆ ಅಜ್ಜಿಯ ಮನೆಯಲ್ಲಿ ಕೂತೆ. ಅವರು ರಷ್ಯನ್ ಕೇಳಿ ಇಂಗ್ಲಿಷಿನಲ್ಲಿ ಹೇಳುವುದು, ನಾನು ಕನ್ನಡದಲ್ಲಿ ಬರೆಯುವುದು. ನಾನು ಅಯ್ಯೋ ಪಾಪ ಎನ್ನುವ ಕಡೆಯಲ್ಲೆಲ್ಲ ಅಜ್ಜಿ ಬಿದ್ದು ಬಿದ್ದು ನಗುತ್ತಿದ್ದರು. ಯಾಕೆ ಎಂದರೆ, "ನೀನು ಕಥೆ ನೋಡುತ್ತಿದ್ದೀಯ. ನಾನು ನಮ್ಮ ಊರು ನೋಡುತ್ತಿದ್ದೇನೆ" ಎನ್ನುತ್ತಿದ್ದರು.

ಬರೆದದ್ದನ್ನು ಕಮಿಟಿ ತಿದ್ದಿತು. ಮಕ್ಕಳು ಬರುತ್ತಾರೆ ಎಂದು ವೋಡ್ಕಾ ಹೋಗಿ ಪಾನಕ ಬಂತು. ಕೊಲೆ ಹೋಗಿ 'ಅಹಿತಕರ ಘಟನೆ' ಆಯಿತು. 'ಲಂಚ' ಎಂಬಲ್ಲಿ ಅಧ್ಯಕ್ಷರು ಬಹಳ ಹೊತ್ತು ನಿಂತರು.

"ಇದನ್ನ ದೇಣಿಗೆ ಅಂತ ಮಾಡಿ. ನಮ್ಮ ಸ್ಪಾನ್ಸರ್ ಮುಂದಿನ ಸಾಲಲ್ಲಿ ಕೂತಿರ್ತಾರೆ, ಬೇಜಾರಾಗ್ತಾರೆ."

"ಅವ್ರು ಮನಿ ಮಾರೂ ರಿಯಲ್ ಎಸ್ಟೇಟ್ ಏಜೆಂಟ್ ಅಲ್ರೀ ಸರ್? ಲಂಚಕ್ಕೂ ಅವ್ರಿಗೂ ಏನ್ ಸಂಬಂಧ?"

"ಏನೂ ಇಲ್ಲ. ಅದಕ್ಕೇ ಹೇಳ್ತಿರೋದು, ಇರೋ ಹಾಗೆ ಕಾಣಬಾರ್ದು."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರು ಎನ್ನುತ್ತಾರಲ್ಲ, ಇಲ್ಲಿ ಇನ್ನೊಬ್ಬರ ಹೆಗಲನ್ನು ಅಧ್ಯಕ್ಷರೇ ಮುಟ್ಟಿ ನೋಡಿದ್ದರು. ಸಂಜೆಗಳನ್ನೆಲ್ಲ ಸುರಿದು ಮಾಡಿದ ಕೆಲಸ ಹೀಗಾಯಿತಲ್ಲ ಎಂದು ಹೆಂಡತಿಯ ಮುಂದೆ ಗೊಣಗಿದೆ. ಆದರೂ ಅಜ್ಜಿಯ ದೃಶ್ಯದಲ್ಲಿ ಮಾತೇ ಇಲ್ಲ, ಅದನ್ನು ಯಾರೂ ತಿದ್ದಲಾರರು ಎಂದು ಸಮಾಧಾನ ಮಾಡಿಕೊಂಡೆ.

ಟ್ರಯಲ್ ಶೋ ನೋಡಲು ಅಧ್ಯಕ್ಷರ ಮಾವನವರೂ ಬಂದಿದ್ದರು. ಪೊಲೀಸ ದೇಣಿಗೆ ಪಡೆದು, ಲೋಟದ ಮೇಲೆ ಲೋಟ ಪಾನಕ ಕುಡಿದು, ಮೇಜಿನ ಮೇಲೆ ಮುಖ ಅಡಿಯಾಗಿ ಬಿದ್ದ. ಮಾವನವರು ಲೊಚಗುಟ್ಟಿದರು: "ಪಾಪ, ಶುಗರ್ ಇರಬೇಕು."

ಕತ್ತರಿ

ಪಾನಕ ಮುಗಿದ ಮೇಲೆ ಕತ್ತರಿ ಬಂತು. ಸ್ಪಾನ್ಸರರ ಸನ್ಮಾನ ಕಾರ್ಯಕ್ರಮಕ್ಕೆ ಸಮಯ ಸಾಲದು, ಸಿನಿಮಾ ಸ್ವಲ್ಪ ಕತ್ತರಿಸಿ ಎಂದರು ಅಧ್ಯಕ್ಷರು. ಎಲ್ಲಿ ಎಂದರೆ ಬಾಗಿಲಿನ ದೃಶ್ಯದ ಮೇಲೇ ಬೆರಳಿಟ್ಟರು.

"ಒಬ್ಬ ಹೆಂಗಸು ಬಾಗಿಲು ತೆಗೀತಾಳೆ, ಹಾಕ್ತಾಳೆ. ಸ್ಟೋರಿಗೆ ಇವಳ ಕಾಂಟ್ರಿಬ್ಯೂಷನ್ ಏನು?"

"ಸರ್, ಸ್ಟೋರಿನೇ ಅಕಿದು."

ಅವರಿಗೆ ಅರ್ಥವಾಗಲಿಲ್ಲ. ಕೊನೆಗೆ, ಸಿನಿಮಾಕ್ಕೆ ಮೊದಲು ಅಧ್ಯಕ್ಷರ ದೊಡ್ಡ ಫೋಟೊವನ್ನು ಹಿನ್ನೆಲೆ ಸಂಗೀತದ ಸಮೇತ ತೋರಿಸುತ್ತೇನೆ ಎಂದೆ. ಆ ದೃಶ್ಯದಲ್ಲಿ ಕಲೆ ಇದೆ ಎಂದು ಅವರಿಗೆ ಕೂಡಲೇ ಹೊಳೆಯಿತು. ಲಂಚದ ಸಿನಿಮಾ ಉಳಿಸಲು ನಾನೇ ಲಂಚ ಕೊಟ್ಟಂತಾಯಿತು. ನನಗೆ ನನ್ನ ಮೇಲೇ ಅಸಹ್ಯವಾಯಿತು, ಅಜ್ಜಿಯ ಮುಂದೆ ಹೇಳಿಕೊಂಡೆ.

ಅಜ್ಜಿ ನನ್ನ ಬೆನ್ನು ತಟ್ಟಿದರು. "ನಮ್ಮ ದೇಶದಲ್ಲಿ ಸೆನ್ಸಾರಿನವನೂ ಅದೇ ದೃಶ್ಯ ತೆಗೆ ಅಂದಿದ್ದ. ಅವನ ಹೆಂಡತಿಗೆ ತುಪ್ಪಳದ ಟೋಪಿ ಕೊಡಿಸಬೇಕಾಯಿತು. ನೀನು ಬರೀ ಫೋಟೊದಲ್ಲಿ ಮುಗಿಸಿದೆ!"

ನಮ್ಮದಲ್ಲ

ಶನಿವಾರ ಮಧ್ಯಾಹ್ನ, ಬಾಡಿಗೆ ಹಾಲ್. ಅಜ್ಜಿ ಎಲ್ಲರಿಗಿಂತ ಮೊದಲೇ ಬಂದಿದ್ದರು. ಕೆಂಪು ಲಿಪ್‌ಸ್ಟಿಕ್, ಕೂದಲಿಗೆ ಸುರುಳಿ, ಮುತ್ತಿನ ಸರ. ನನ್ನ ಕಾರಿನಲ್ಲಿ ಬನ್ನಿ ಎಂದರೆ ಕೇಳಿರಲಿಲ್ಲ. ನಟಿ ತನ್ನ ಕಾರಿನಲ್ಲೇ ಬರಬೇಕಂತೆ.

ಹಾಲ್ ತುಂಬಿತು. ಸಿನಿಮಾ ಮುಗಿದ ಮೇಲೆ ಬಿಸಿಬೇಳೆ ಬಾತ್ ಎಂದು ಗ್ರೂಪಿನಲ್ಲಿ ಹಾಕಿದ್ದೆವು. ಅಜ್ಜಿಗೆ ಅದೆಲ್ಲ ಗೊತ್ತಿಲ್ಲ. ಅಷ್ಟು ಜನರನ್ನು ಕಂಡು ನನ್ನ ಹೆಂಡತಿಯ ಕೈ ಗಟ್ಟಿಯಾಗಿ ಹಿಡಿದುಕೊಂಡರು. ಅಧ್ಯಕ್ಷರ ಫೋಟೊ ಬಂದು ಹೋಯಿತು, ಪೊಲೀಸ ಪಾನಕ ಕುಡಿದ, ಮಕ್ಕಳು ನಕ್ಕವು. ಕಥೆ ಹಿಂದಕ್ಕೆ ಹೋಗಿ ಕೊಲೆ ತೋರಿಸುವ ಜಾಗ ಹತ್ತಿರವಾಯಿತು. ಮೆಟ್ಟಿಲ ಮೇಲೆ ಕಾವಲುಗಾರ ಓಡುತ್ತಿದ್ದಾನೆ, ಅಳಿಯ ಬೆನ್ನಟ್ಟಿದ್ದಾನೆ. ಅಜ್ಜಿ ಮುಂದಕ್ಕೆ ಬಾಗಿ ಮುತ್ತಿನ ಸರ ಸರಿಮಾಡಿಕೊಂಡರು.

ಆಗ ಫೋನಿನಲ್ಲಿ ಮಾತಾಡಲು ಹೊರಗೆ ಹೋಗಿದ್ದವರೊಬ್ಬರು ಹಿಂದಿನ ಬಾಗಿಲಿನಿಂದ ಒಳಗೆ ನುಗ್ಗಿ ಕೂಗಿದರು: "ಪಾರ್ಕಿಂಗಲ್ಲಿ ಯಾರೋ ಕಾರಿನ ಗಾಜು ಒಡೀತಿದಾನೆ!"

ಇಡೀ ಹಾಲ್ ಎದ್ದಿತು. ಎಲ್ಲರೂ ಪರದೆಗೆ ಬೆನ್ನು ಹಾಕಿ ಹಿಂದಿನ ಬಾಗಿಲಿಗೆ ಮುಗಿಬಿದ್ದರು. ಒಬ್ಬೊಬ್ಬರೇ ಬಾಗಿಲು ತೆರೆದು, ಕತ್ತು ಚಾಚಿ ನೋಡಿ, "ನಮ್ಮದಲ್ಲ" ಎಂದು ಬಾಗಿಲು ಹಾಕಿ ಸರಿದರು. ಹಿಂದಿನವರು ಮತ್ತೆ ತೆರೆದು, ನೋಡಿ, "ನಮ್ದಲ್ಲಪ್ಪಾ" ಎಂದು ಮತ್ತೆ ಹಾಕಿದರು. ಅಧ್ಯಕ್ಷರು ಮೈಕ್ ಹಿಡಿದು, "ಯಾರೂ ಗಾಬರಿ ಆಗ್ಬೇಡಿ. ಹಳೇ ನೀಲಿ ಕಾರು, ಬ್ಲೂ ಕಾರ್. ನಮ್ಮವರದ್ದಲ್ಲ" ಎಂದು ಘೋಷಿಸಿದರು.

ನನ್ನ ಹೆಂಡತಿ ಪೊಲೀಸರಿಗೆ ಫೋನ್ ಹಚ್ಚಿದಳು. ನಾನು ಎದ್ದು ಓಡಲು ಹೊರಟರೆ ಅಜ್ಜಿ ನನ್ನ ತೋಳು ಹಿಡಿದು ಕೂರಿಸಿದರು. 'ಬ್ಲೂ ಕಾರ್' ಎಂಬುದು ಅವರಿಗೂ ಕೇಳಿಸಿತ್ತು.

"ಗಾಜು ಮತ್ತೆ ಹಾಕಿಸಬಹುದು. ಕೂತುಕೋ. ನನ್ನ ಬಾಗಿಲು ಬಂತು."

ಬಂತು. ಗೋಡೆಯಷ್ಟು ದೊಡ್ಡ ಪರದೆಯ ಮೇಲೆ ಬಾಗಿಲು ತೆರೆಯಿತು. ನಡುವಯಸ್ಸಿನ ಅಜ್ಜಿ, ಸುಂದರವಾದ ಮುಖ, ಕಲ್ಲಿನಂಥ ಕಣ್ಣು. ನೋಡಿದರು, ಬಾಗಿಲು ಹಾಕಿದರು. ಅಷ್ಟು ದೊಡ್ಡ ಹಾಲಿನಲ್ಲಿ ಆ ಮುಖ ನೋಡಿದವರು ನಾನು, ನನ್ನ ಹೆಂಡತಿ ಮತ್ತು ಅಜ್ಜಿ, ಇಷ್ಟೇ. ನನಗೆ ನಾಚಿಕೆಯೂ ಸಿಟ್ಟೂ ಒಟ್ಟಿಗೇ ನುಗ್ಗಿ ಬಂದು ಅಳುವಂತಾಯಿತು.

"ಹಿಂದಕ್ಕೆ ಹಾಕಿ ಇನ್ನೊಮ್ಮೆ ತೋರಿಸುತ್ತೇನೆ. ಎಲ್ಲರನ್ನೂ ಕೂರಿಸುತ್ತೇನೆ" ಎಂದೆ.

ಅಜ್ಜಿ ಪರದೆಯನ್ನು ನೋಡುತ್ತಿರಲಿಲ್ಲ. ತಿರುಗಿ ಕೂತು ಹಿಂದಿನ ಬಾಗಿಲನ್ನೇ ನೋಡುತ್ತಿದ್ದರು. ಅಲ್ಲಿ ಜನ ಇನ್ನೂ ತೆರೆಯುತ್ತಿದ್ದರು, ನೋಡುತ್ತಿದ್ದರು, ಹಾಕುತ್ತಿದ್ದರು.

"ಬೇಡ" ಎಂದರು. "ಶೂಟಿಂಗಿನಲ್ಲಿ ಆ ಬಾಗಿಲು ಹಾಕಲು ನನಗೆ ಇಡೀ ದಿನ ಬೇಕಾಯಿತು. ಪ್ರತಿ ಸಲವೂ ಡೈರೆಕ್ಟರು ಬೈದರು, ನಿನ್ನ ಮುಖದಲ್ಲಿ ಕನಿಕರ ಕಾಣುತ್ತಿದೆ, ಮತ್ತೆ ಮಾಡು ಅಂತ. ಇವರನ್ನು ನೋಡು, ಎಲ್ಲರದೂ ಒಂದೇ ಟೇಕ್!"