ಕುಂಬಳಕಾಯಿಗೊಂದು ಕೋಟು

ಗೋಳೆಲ್ಲ ಶುರುವಾಗಿದ್ದು ಒಂದು ಕೋಟಿನಿಂದ. ಹೊಲಿದವರು ದರ್ಜಿ, ತೊಟ್ಟಿದ್ದು ಅವರ ಹಿತ್ತಿಲ ಕುಂಬಳಕಾಯಿ.

ನಗಬೇಡಿ, ಆ ವರ್ಷದ ಹವೆ ಹಾಗಿತ್ತು. ಬಳ್ಳಿ ಹಬ್ಬುವಾಗ ಬಿಸಿಲು ಹುರಿದು ಹಾಕಿತು, ಹೂ ಬಿಡುವಾಗ ಗಾಳಿ ಬಡಿಯಿತು, ಕಾಯಿ ದಪ್ಪವಾಗುವ ಹೊತ್ತಿಗೆ ವಾರಕ್ಕೊಮ್ಮೆ ಆಲಿಕಲ್ಲು. ದರ್ಜಿ ದಿನಾ ಬೆಳಗ್ಗೆ ಕೊರಳಿನ ಟೇಪು ತೆಗೆದು ಕಾಯಿಯ ಸುತ್ತಳತೆ ಹಿಡಿದು, ಗಿರಾಕಿಗಳ ಅಳತೆ ಪುಸ್ತಕದಲ್ಲೇ ಬರೆದಿಡುತ್ತಿದ್ದರು. ಹತ್ತಿ ತುಂಬಿದ ದಪ್ಪ ಬಟ್ಟೆ, ಬೆನ್ನಿಗೆ ಹನ್ನೆರಡು ಗುಂಡಿ, ಬೆಳೆಯುವ ಮಕ್ಕಳ ಅಂಗಿಗೆ ಬಿಡುವಂತೆ ಒಳಗೆ ನಾಲ್ಕು ಬೆರಳು ಮಡಿಕೆ. ಊರಲ್ಲಿ ಎಷ್ಟೋ ಜನಕ್ಕೆ ಅಂಥ ಕೋಟು ಇರಲಿಲ್ಲ.

ಏಳು ವರ್ಷದಿಂದ ಅವರದು ಇದೇ ಹುಚ್ಚು. ಊರಿನ ಕುಂಬಳಕಾಯಿ ತೂಕದ ಸ್ಪರ್ಧೆಯಲ್ಲಿ ಆರು ಸಲ ಬೇಕರಿಯವರು ಮೊದಲು, ಇವರು ಎರಡನೆಯವರು. ನಡುವೆ ಒಂದು ವರ್ಷ ಇವರ ಕಾಯಿ ಕೊಳೆತು ಹೋಯಿತು, ಸ್ಪರ್ಧೆಯೂ ನಡೆಯಲಿಲ್ಲ. ಈ ಸಲ ಹೆಂಡತಿ ಬೀದಿಗೆಲ್ಲ ಕೇಳುವಂತೆ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು.

"ಗೆದ್ರೆ ಹಿತ್ತಿಲು ನಿಮ್ಮದು. ಇಲ್ಲಾಂದ್ರೆ ಮಾರನೇ ದಿನದಿಂದ ಅಲ್ಲಿ ಬಟ್ಟೆ ಒಣಗ್ಸೋ ತಂತಿ. ಒದ್ದೆ ಬಟ್ಟೆನ ಕುರ್ಚಿ ಮೇಲೆ ಹರವಿ ಹರವಿ ಸಾಕಾಗಿದೆ ನಂಗೆ."

ಸ್ಪರ್ಧೆಯ ದಿನ ಬೆಳಗ್ಗೆಯೇ ಆಕಾಶ ಮುಖ ಊದಿಸಿಕೊಂಡು ಕೂತಿತ್ತು. ಮಧ್ಯಾಹ್ನ ದಪ್ಪ ಆಲಿಕಲ್ಲು ಬೀಳುತ್ತದೆಂದು ರೇಡಿಯೋ ಹೇಳಿತು. ತೂಕ ಸಂಜೆ ನಾಲ್ಕಕ್ಕೆ. ಬಳ್ಳಿಯಿಂದ ಕೊಯ್ದರೆ ತೂಕ ಇಳಿಯುತ್ತದೆಂದು ಯಾರೂ ಮೊದಲೇ ಕೊಯ್ಯುವುದಿಲ್ಲ. ತೂತು ಬಿದ್ದ ಕಾಯಿಯನ್ನು ತಕ್ಕಡಿಗೆ ಹತ್ತಿಸುವುದೂ ಇಲ್ಲ.

ಅಂಗಡಿ ಬಾಗಿಲು ತೆರೆಯುತ್ತಲೇ ಬೇಕರಿಯವರು ಮೈತುಂಬ ಹಿಟ್ಟು ಮೆತ್ತಿಕೊಂಡು ಓಡಿಬಂದರು. "ಟೈಲರ್ರೇ, ನಮ್ಮದಕ್ಕೂ ಒಂದು ಕೋಟು ಹೊಲ್ದು ಕೊಡಿ. ಗುಂಡಿ ಗಿಂಡಿ ಬೇಡ, ಸುಮ್ಮನೆ ಮುಚ್ಚಿದ್ರೆ ಸಾಕು."

ಅವರ ಬೆನ್ನಿಗೇ ಲೆಕ್ಕದ ಮೇಷ್ಟ್ರು. ಪ್ರತಿವರ್ಷ ಮೂರನೆಯವರಾಗಿ ಬರುವುದರಲ್ಲೇ ತೃಪ್ತರು. "ನಂದಕ್ಕೂ ಒಂದು. ಅಳತೆ ಬರ್ಕೊಂಡೇ ಬಂದಿದೀನಿ, ಎರಡು ಸಲ ತಾಳೆ ನೋಡಿದೀನಿ."

"ಅಯ್ಯೋ, ಬಟ್ಟೆನೇ ಇಲ್ವಲ್ಲ!" ಎಂದರು ದರ್ಜಿ. ಹಾಗೆನ್ನುವಾಗ ಅವರು ಕೂತಿದ್ದದ್ದು ತುಂಡು ಬಟ್ಟೆಯ ಮೂಟೆಯ ಮೇಲೆ.

ಇಬ್ಬರೂ ಹೋದ ಮೇಲೆ ಹೆಂಡತಿ ಒಳಗಿನಿಂದ ಬಂದರು. "ಅಲ್ರೀ, ಕೂತಿರೋದು ಯಾವುದರ ಮೇಲೆ?"

"ಇದು ಸ್ಪರ್ಧೆ ಕಣೇ. ಅವರಿಗೆ ಕೋಟು ಹೊಲ್ದು ಕೊಟ್ಟು ನಾನು ಸೋಲ್ಬೇಕಾ?"

ಮಾತೇನೋ ಆಡಿದರು, ಮನಸ್ಸಿಗೆ ಮುಳ್ಳು ಚುಚ್ಚಿದಂತಾಯಿತು. ಮಿಷನ್ ಮುಂದೆ ಕೂತರೆ ಮೂರು ಸಲ ದಾರ ಕಡಿಯಿತು. ಯಾರದೋ ಪ್ಯಾಂಟಿನ ಜೇಬನ್ನು ಮೊಣಕಾಲಿಗೆ ಹೊಲಿದರು. ಕೊನೆಗೆ ತಡೆಯದೆ ಎದ್ದು, ಮೂಟೆ ಬಿಚ್ಚಿ, ಎರಡು ದೊಡ್ಡ ತುಂಡು ಹೊರಗೆಳೆದರು. ಆಗ ಮಾಡಿನ ಮೇಲೆ ಮೊದಲ ಕಲ್ಲು ಠಣ್ ಎಂದಿತು.

ಅರ್ಧ ಗಂಟೆ ಆಕಾಶ ಊರನ್ನು ಚಚ್ಚಿ ಹಾಕಿತು. ಬೇಕರಿಯವರು ಕಾಯಿಗೆ ಬ್ರೆಡ್ ಸುಡುವ ತಟ್ಟೆಗಳನ್ನು ಹೊದಿಸಿದ್ದರು. ಗಾಳಿ ಒಂದು ತಟ್ಟೆಯನ್ನೆತ್ತಿ ಅದರ ಮೂಲೆಯನ್ನೇ ಕಾಯಿಗೆ ನಾಟಿಸಿತು. ಮೇಷ್ಟ್ರು ಕೋನ ಲೆಕ್ಕ ಹಾಕಿ ಕಟ್ಟಿದ್ದ ಛತ್ರಿ ಪಕ್ಕದ ಬೀದಿಯಲ್ಲಿ ಸಿಕ್ಕಿತು. ಅವರ ಕಾಯಿಯಲ್ಲಿ ಏಳು ತೂತು.

ದರ್ಜಿ ಹಿತ್ತಿಲಿಗೆ ಓಡಿ ಹನ್ನೆರಡು ಗುಂಡಿ ಬಿಚ್ಚಿದರು. ಕಾಯಿ ಆಗತಾನೇ ಮಿಂದ ಮಗುವಿನಂತೆ ಹೊಳೆಯುತ್ತಿತ್ತು. ಒಂದು ಗೀರೂ ಇಲ್ಲ! ಅವರಿಗೆ ಕಣ್ಣಲ್ಲಿ ನೀರೇ ಬಂತು.

ಅಷ್ಟು ದೊಡ್ಡದನ್ನು ಹೊರುವುದು ಹೇಗೆ ಎಂದು ನಿಂತಿದ್ದಾಗ, ಬಂದವರು ಆ ಇಬ್ಬರೇ.

"ಹಿಡ್ಕೊಳ್ಳಿ ಆ ಕಡೆ," ಎಂದರು ಬೇಕರಿಯವರು. "ನಮ್ಮದು ಹೋಯ್ತು. ನಿಮ್ಮದಾದ್ರೂ ಗೆಲ್ಲಲಿ."

ದಾರಿಯುದ್ದಕ್ಕೂ ದರ್ಜಿಗೆ ಕಾಯಿಗಿಂತ ಆ ಮಾತೇ ಭಾರವಾಯಿತು. ಸ್ಪರ್ಧೆಯ ಮೈದಾನ ತಲುಪುವಷ್ಟರಲ್ಲಿ ಬೆವರು ಕಿತ್ತುಕೊಂಡು ಬಂದಿತ್ತು.

ಅಧಿಕಾರಿ ಕಾಯಿ ನೋಡಿ ಬಾಯ್ತುಂಬ ಹೊಗಳಿದರು. ಆಮೇಲೆ ಸುತ್ತ ನೋಡಿದರು. "ಉಳಿದವು ಎಲ್ಲಿ?"

"ಉಳಿದಿಲ್ಲ," ಎಂದರು ಮೇಷ್ಟ್ರು.

"ಹಾಗಾದ್ರೆ ಸ್ಪರ್ಧೆನೂ ಇಲ್ಲ, ಬಹುಮಾನಾನೂ ಇಲ್ಲ. ಕಡೇಪಕ್ಷ ಮೂರು ಕಾಯಿ ತಕ್ಕಡಿ ಹತ್ತಬೇಕು, ನಿಯಮ."

"ಯಾವ ಬುದ್ಧಿಗೇಡಿ ಮಾಡಿದ ನಿಯಮ ಅದು?" ದರ್ಜಿ ಕೂಗಿಯೇಬಿಟ್ಟರು.

ಅಧಿಕಾರಿ ಕಡತ ಬಿಚ್ಚಿ ಹಳೆಯ ಅರ್ಜಿಯೊಂದನ್ನು ಮುಂದೆ ಹಿಡಿದರು. ದರ್ಜಿಯ ಕಾಯಿ ಕೊಳೆತ ವರ್ಷದ್ದು. ಬೇಕರಿಯವರದು ಒಂದೇ ಕಾಯಿ ಉಳಿದಿದ್ದಾಗ, ಮೂರು ಜನರಾದರೂ ಇಲ್ಲದೆ ಬಹುಮಾನ ಕೊಡುವುದು ಮಹಾ ಅನ್ಯಾಯವೆಂದು ಬರೆದಿತ್ತು. ಕೆಳಗೆ ದರ್ಜಿಯದೇ ದುಂಡು ಸಹಿ.

ಬೇಕರಿಯವರು ಅರ್ಜಿ ಓದಿದರು, ದರ್ಜಿಯ ಮುಖ ನೋಡಿದರು. ಅರ್ಜಿಯನ್ನು ಮಡಿಸಿ ಅಧಿಕಾರಿಯ ಕೈಗಿಟ್ಟರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ಬಟ್ಟೆ ಇತ್ತು," ಎಂದರು ದರ್ಜಿ ತಲೆ ತಗ್ಗಿಸಿ. "ಒಂದು ಮೂಟೆ ಇತ್ತು. ಮುಂದಿನ ವರ್ಷ ನಿಮ್ಮಿಬ್ಬರದಕ್ಕೂ ನಾನೇ ಕೋಟು ಹೊಲಿದು ಕೊಡ್ತೀನಿ."

"ನಿಮಗೆ ಹಿತ್ತಿಲೇ ಇರಲ್ವಲ್ಲ," ಎಂದರು ಮೇಷ್ಟ್ರು ಬೆರಳು ಮಡಿಸುತ್ತ. "ನಾವಿಬ್ಬರೇ ಆದ್ರೆ ಮತ್ತೆ ಸ್ಪರ್ಧೆ ಇಲ್ಲ."

ಮೂವರೂ ಮೆಲ್ಲಗೆ, ಕೋಟು ಹೊತ್ತು ಹಿಂದೆಯೇ ಬಂದಿದ್ದ ದರ್ಜಿಯ ಹೆಂಡತಿಯ ಕಡೆ ತಿರುಗಿದರು. ದರ್ಜಿಗೆ ಎದೆಯಲ್ಲಿ ಸಣ್ಣ ಆಸೆ ಮಿಣುಕಿತು.

ಹೆಂಡತಿ ಒದ್ದೆ ಕೋಟನ್ನು ಹಿಂಡಿ ಹೆಗಲಿಗೆ ಹಾಕಿಕೊಂಡರು.

"ಅರ್ಧ ಹಿತ್ತಿಲಿಗೆ ತಂತಿ. ಇನ್ನರ್ಧದಲ್ಲಿ ಬಳ್ಳಿ ಹಾಕ್ತೀನಿ, ನನ್ನ ಹೆಸರಲ್ಲಿ," ಎಂದರು. "ನೀವು ಮೂರು ಕೋಟು ಹೊಲೀರಿ."