ಸೈಕಲ್ಲಿಗೆ ಕಟ್ಟಿದ ಟಗರಿನ ಗಂಟೆ

"ನಾಳಿ ನನ್ನ ಸೈಕಲ್ಲಿಗಿ ಅಡ್ಡ ಬರೋ ಧೈರ್ಯ ಈ ಯಾದಗಿರಿ ಸೀಮ್ಯಾಗ ಯಾವನಿಗೂ ಇರಂಗಿಲ್ಲ!" ಎಂದು ಭಗವಂತರಾಯ ತಟ್ಟೆಯ ಮುಂದೆ ಕೂತು ಘೋರ ಪ್ರತಿಜ್ಞೆ ಮಾಡಿದ.

ಹೆಂಡತಿ ಶೇಖಮ್ಮ ರೊಟ್ಟಿ ಬಡಿಯುತ್ತಲೇ ಕೇಳಿದಳು. "ಮೊನ್ನಿ ಹತ್ತಿ ಬಂಡಿ ಅಡ್ಡ ಬಂತಂದ್ರಿ, ನಿನ್ನಿ ಎಮ್ಮಿ ಅಂದ್ರಿ. ಅವಕ್ಕೆಲ್ಲ ನೋಟೀಸ್ ಕೊಟ್ಟು ಬಂದೀರೇನು?"

ಭಗವಂತರಾಯ ಯಾದಗಿರಿಯ ಕಚೇರಿಯೊಂದರಲ್ಲಿ ಹಂಗಾಮಿ ಗುಮಾಸ್ತ. ರಾಮಸಮುದ್ರದಿಂದ ದಿನವೂ ಸೈಕಲ್ ಸವಾರಿ. ಹೈದರಾಬಾದು ಸರ್ಕಾರ ಇದ್ದಾಗ ಮಧ್ಯಾಹ್ನದ ಊಟ ಮುಗಿಸಿ ಬಂದರೂ ಕೇಳುವವರಿರಲಿಲ್ಲ. ಈಗ ಮೈಸೂರು ಸರ್ಕಾರ! ಆ ಕಡೆಯಿಂದ ಬಂದ ಹೊಸ ಸಾಹೇಬರು ಕೈಗಡಿಯಾರ ನೋಡುತ್ತಲೇ ಹುಟ್ಟಿದ ಆಸಾಮಿ. "ಸೋಮವಾರ ಹೊತ್ತಿಗೆ ಸರಿಯಾಗಿ ಬಂದರೆ ಕಾಯಂ. ತಡವಾದರೆ ಇನ್ನೊಂದು ವರ್ಷ ಹಂಗಾಮಿ" ಎಂದು ಖಡಾಖಂಡಿತ ಹೇಳಿಬಿಟ್ಟಿದ್ದರು.

ಆದರೆ ಸುಗ್ಗಿಯಲ್ಲಿ ಆ ರಸ್ತೆಯನ್ನು ರಸ್ತೆ ಎನ್ನಲು ಬಾಯಿ ಬರಬೇಕಲ್ಲ! ಮಿಲ್ಲಿಗೆ ಹೊರಟ ಹತ್ತಿ ಬಂಡಿಗಳ ಸಾಲು, ಮೂಟೆಗಳ ಮೇಲೆ ಬಾಯಿ ತೆರೆದು ಮಲಗಿದ ಬಂಡಿಯವರು. ಭಗವಂತರಾಯ ಎಷ್ಟು ಟ್ರಿಣ್ ಟ್ರಿಣ್ ಎಂದರೂ ಎತ್ತು ಕಿವಿಯನ್ನೂ ಅಲ್ಲಾಡಿಸುತ್ತಿರಲಿಲ್ಲ. ಅದೇ ಕುರಿಹಿಂಡಿನ ಮುಂದೆ ನಡೆಯುವ ಟಗರಿನ ಗಂಟೆ ಢಣ್ ಎಂದಿತೋ, ಹಿಂಡು ಚಕ್ರಕ್ಕೆ ಸಿಕ್ಕೀತೆಂದು ಮಲಗಿದ್ದವರು ದಡಕ್ಕನೆ ಎದ್ದು ಬಂಡಿಯನ್ನು ಬದಿಗೆ ಹೊಡೆಯುತ್ತಿದ್ದರು. ಮೆಟ್ರಿಕ್ ಪಾಸಾದವನಿಗೆ ಇಲ್ಲದ ಮರ್ಯಾದೆ ಟಗರಿಗೆ! ಭಗವಂತರಾಯನ ಹೊಟ್ಟೆ ಉರಿಯಿತು. ಸಂತೆಯಿಂದ ಅಂಥದ್ದೇ ಗಂಟೆ ತಂದು, ಚರ್ಮದ ಬಾರಿನಿಂದ ಹ್ಯಾಂಡಲ್ಲಿಗೆ ಬಿಗಿದಿದ್ದ.

"ಅದು ಟಗರಿನ ಗಂಟಿ ಅಲ್ಲೇನ್ರಿ?" ಎಂದಳು ಶೇಖಮ್ಮ, ಬಾಗಿಲ ಬಳಿಯ ಸೈಕಲ್ ನೋಡಿ.

"ತಲಿ ಇದ್ದವರು ಮಾಡೋ ಕೆಲಸ ಇದು. ನೀ ರೊಟ್ಟಿ ಹಾಕು."

ಸೋಮವಾರ ಗಂಟೆ ಢಣಢಣ ಎಂದಿತು. ಬಂಡಿಗಳು ಬದಿಗೆ ಸರಿದವು! ಭಗವಂತರಾಯ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರಸ್ಕಾರದ ನೋಟ ಬೀರುತ್ತ, ದಂಡಯಾತ್ರೆ ಹೊರಟ ಸುರಪುರದ ದೊರೆಯಂತೆ ಸಾಗಿದ. ಆ ದರ್ಬಾರು ಹಳ್ಳದ ತನಕ ನಡೆಯಿತು.

ಹಳ್ಳದ ದಂಡೆಯಲ್ಲಿ ಕುರಿ ಕಾಯುವ ಮಲಕಮ್ಮನ ಕುರಿಗಳು ಮೇಯುತ್ತಿದ್ದವು. ಅವುಗಳ ಟಗರು ದೂರದಲ್ಲಿ ಬೇವಿನ ಮರಕ್ಕೆ ಮೈ ಉಜ್ಜುತ್ತ ನಿಂತಿತ್ತು. ರಸ್ತೆಯಿಂದ ಗಂಟೆ ಕೇಳಿದ್ದೇ ತಡ, ತಮ್ಮ ಟಗರೇ ಹೊರಟಿತೆಂದು ಹಿಂಡಿಗೆ ಹಿಂಡೇ ತಲೆ ಎತ್ತಿ ಸೈಕಲ್ಲಿನ ಹಿಂದೆ ಬಿತ್ತು. ಭಗವಂತರಾಯ ಜೋರಾಗಿ ತುಳಿದ. ಗಂಟೆಯೂ ಜೋರಾಯಿತು, ಕುರಿಗಳೂ ಓಡಿದವು. ಹೆದರಿ ನಿಂತ. ಅವು ಬಂದು ಸುತ್ತುಗಟ್ಟಿ ಅವನ ಧೋತರ ಮೂಸಿದವು. ಬಾರು ಬಿಚ್ಚಲು ಹೋದರೆ ಹಾಳು ಗಂಟು ಬಿಚ್ಚಲೊಲ್ಲದು!

ಅಷ್ಟರಲ್ಲಿ ಹಿಂದಿನಿಂದ ಜೀಪಿನ ಹಾರ್ನ್ ಬಡಿದುಕೊಳ್ಳತೊಡಗಿತು. ತಿರುಗಿ ನೋಡಿದರೆ ಕ್ಯಾಂಪಿನಿಂದ ಬರುತ್ತಿದ್ದ ಸಾಹೇಬರು! ಸಾಹೇಬರಿಗೆ ದಾರಿ ಮಾಡಿಕೊಡಬೇಕಲ್ಲ? ಬುದ್ಧಿವಂತ ಇನ್ನೂ ಜೋರಾಗಿ ಗಂಟೆ ಬಾರಿಸಿದ! ದಾರಿಯಲ್ಲಿ ಹಿಂದೆ ಬಿದ್ದಿದ್ದ ಮರಿಗಳೂ ಬಂದು ಸೇರಿದವು. ಹಿಂದೆ ಜೀಪು, ಅದರ ಹಿಂದೆ ಬಂಡಿಗಳು ಒಂದಕ್ಕೊಂದು ಅಂಟಿ ನಿಂತವು.

ಕಡೆಗೆ ಸಾಹೇಬರು ಜೀಪಿಳಿದು, ಕುರಿಗಳ ನಡುವೆ ಪ್ಯಾಂಟು ಎತ್ತಿ ಹಿಡಿದು ಬಂದರು.

"ಭಗವಂತರಾಯರೇ! ದಿನಾ ರಸ್ತೇಲಿ ಯಾರೋ ಅಡ್ಡ ಬರ್ತಾರೆ ಅಂತಿದ್ರಲ್ಲ, ಆ ಮಹಾಶಯರು ನೀವೇನಾ?"

"ನಂದೇನೂ ತಪ್ಪಿಲ್ರಿ ಸಾಹೇಬ್ರ! ನಾ ಹೊತ್ತಿಗಿ ಸರಿಯಾಗೇ ಹೊಂಟಿದ್ದೆ..."

"ನೀವು ಹೊರಟಿರಿ, ಸರಿ. ಇಡೀ ಊರನ್ನು ನಿಲ್ಲಿಸಿಬಿಟ್ರಲ್ಲ! ನನ್ನನ್ನೂ ಸೇರಿಸಿ! ಇನ್ನೊಂದು ವರ್ಷ ಹಂಗಾಮಿಯಾಗೇ ಇರಿ."

ಭಗವಂತರಾಯನ ಕಣ್ಣಲ್ಲಿ ನೀರಾಡಿತು. ಆಗ ಮಲಕಮ್ಮ ಏದುಸಿರು ಬಿಡುತ್ತ ಓಡಿ ಬಂದಳು. "ಕುರಿ ಕಳ್ಳ!" ಎಂದು ಎತ್ತಿದ ಕೋಲನ್ನು, ಅವನ ಮುಖ ನೋಡಿ ಇಳಿಸಿದಳು. ಹಿಂಡಿನ ಮೇಲೆಲ್ಲ ಕಣ್ಣಾಡಿಸಿದಳು. ಒಂದು ಮರಿಯೂ ತಪ್ಪಿಸಿಕೊಂಡಿರಲಿಲ್ಲ. ಸಾಹೇಬರ ಮಾತು ಓಡಿ ಬರುವಾಗಲೇ ಅವಳ ಕಿವಿಗೂ ಬಿದ್ದಿತ್ತು. ಅವಳಿಗೆ ಅವನ ಮೇಲೆ ನಿಜವಾಗಿಯೂ ಕನಿಕರ ಹುಟ್ಟಿತು.

"ಅಳಬ್ಯಾಡ್ರಿ ರಾಯರ. ಸರ್ಕಾರ ಕಾಯಂ ಮಾಡಲಿಲ್ಲಂದ್ರ ಏನಾತು? ನಮ್ಮ ಟಗರಿಗಿ ವಯಸ್ಸಾಗೇದ. ಬರ್ರಿ, ನಾ ಇವತ್ತ ಕಾಯಂ ಮಾಡ್ಕೊಂತೀನಿ!"