ಹಾರಕ್ಕ ಅಂಜಿದ ಹವಾಲ್ದಾರ

ನಮ್ಮ ಸೋದರಮಾವನಷ್ಟು ಪುಕ್ಕಲ ಮನಷ್ಯಾ ಇಡೀ ಯಲಬುರ್ಗಾ ತಾಲೂಕಿನಾಗ ಹುಡುಕಿದ್ರೂ ಸಿಗೂದಿಲ್ಲ ನೋಡ್ರಿ! ಈ ಮಾತು ಬೇವೂರಿನ ಮಂದಿ ಕಿವಿಗೆ ಬಿದ್ರ ನನ್ನ ಮ್ಯಾಲ ಏರಿ ಬಂದಾರು. ಅವರ ಪಾಲಿಗೆ ಮಾವ ಅಂದ್ರ ಮಿಲ್ಟ್ರಿ ಹವಾಲ್ದಾರ. ಬಾಂಗ್ಲಾ ಯುದ್ಧಕ್ಕ ಹೋಗಿ ಎಡಗಾಲಾಗ ಗುಂಡಿನ ಚೂರು ಇಟ್ಕೊಂಡು ಬಂದಾವ. ಹಿತ್ತಲದಾಗ ನಾಗರಹಾವು ಕಂಡ್ರ ಬಾಲಾ ಹಿಡಿದು ಹಳ್ಳದ ದಂಡಿಗೆ ಬಿಟ್ಟು ಬರಾವ. ಎಲ್ಲಾ ಖರೇ. ಆದ್ರ ಯಾರರೆ ಹೂವಿನ ಹಾರ ಹಿಡ್ಕೊಂಡು ಎದುರಿಗೆ ಬಂದ್ರೋ, ಮುಗೀತು ಕಥಿ! ಮುಖ ಬೆಳ್ಳಗಾಗಿ, ತುಟಿ ಒಣಗಿ, ಕಾಲಾಗಿನ ಚೂರು ಮರತು ಹಿಂದ ನೋಡದಽ ಓಡ್ತಿದ್ದ.

ನಮ್ಮಕ್ಕನ ಮದುವ್ಯಾಗ ಏನಾತು ಅಂತೀರಿ? ಬೀಗರ ಕಡೆ ಹಿರೇರೊಬ್ಬರು, "ಸೈನಿಕರಿಗೆ ಮೊದಲ ಮರ್ಯಾದಿ ಆಗ್ಲಿ" ಅಂತ ಹಾರ ಎತ್ತಿಕೊಂಡು ಬಂದ್ರು. ನೋಡಿದ್ರ ಮಾವ ಕುಂತ ಜಾಗಾ ಖಾಲಿ! ಸೋದರಮಾವ ಇಲ್ಲದಽ ಅಕ್ಕಿಕಾಳು ಬೀಳ್ತಾವೇನು? ಹುಡುಕಿ ಹುಡುಕಿ ಸಾಕಾಗಿ ಅಡಿಗಿ ಚಪ್ಪರಕ್ಕ ಹೋದೆ. ಅಲ್ಲಿ ಹೊಸ ಧೋತರ ಉಟ್ಕೊಂಡು ಉಳ್ಳಾಗಡ್ಡಿ ಹೆಚ್ಚಿಕೋತ ಕುಂತಾನ.

"ಇಲ್ಲೇನು ಮಾಡ್ತಿ ಮಾವಾ?"

"ಉಳ್ಳಾಗಡ್ಡಿ ಕಡಿಮಿ ಬಿದ್ದಾವು ಅಂದ್ರು."

ಹೆಚ್ಚಿದ ಉಳ್ಳಾಗಡ್ಡಿ ಎರಡು ಬುಟ್ಟಿ ತುಂಬಿ ಅಂವನ ಮುಂದಽ ಇದ್ದುವು! ಕಣ್ಣಾಗ ನೀರು ಬ್ಯಾರೆ ಸುರೀತಿತ್ತು. ನಾನು ಅದು ಉಳ್ಳಾಗಡ್ಡಿಯ ನೀರು ಅಂತಽ ತಿಳಕೊಂಡೆ.

ಇನ್ನೊಂದು ಸಲ ಓಟಿಗೆ ನಿಂತಾವರೊಬ್ಬರು ಹಾರ ತಗೊಂಡು ಮನಿಗೇ ಬಂದ್ರು. ಮಾವ ಹೋಗಿ ದನದ ಕೊಟಗ್ಯಾಗ ಎಮ್ಮಿ ಹಿಂದ ಅಡಗಿದ. ಓಟು ಬೇಕಾದಾವರು ಬಿಡ್ತಾರೇನ್ರಿ? ಅಲ್ಲಿಗೂ ನುಗ್ಗಿದ್ರು. ಗದ್ದಲದಾಗ ಹಾರ ಎಮ್ಮಿ ಕೊಳ್ಳಿಗೆ ಬಿತ್ತು. ಎಮ್ಮಿ ಏನೂ ಅಂಜಲಿಲ್ಲ, ನಿಂತಲ್ಲೇ ಅರ್ಧಾ ಹಾರ ತಿಂದು ಮುಗಿಸ್ತು!

ಈ ಅಂಜಿಕಿಗೆ ಕಾರಣ ಏನು ಅನ್ನೂದು ಊರಿಗೆಲ್ಲಾ ಗೊತ್ತಿತ್ತು. ಗೊತ್ತೈತಿ ಅಂತ ತಿಳಕೊಂಡಿದ್ವಿ. ಅದೂ ನಗೂವಂಥಾ ಕಥಿನಽ.

ಬಾಂಗ್ಲಾ ಯುದ್ಧ ಮುಗಿದ ಹೊಸದು. ಮಾವನ ಕಾಗದ ಬಂದು ಭಾಳ ದಿನ ಆಗಿತ್ತು. ನಮ್ಮ ಅಜ್ಜಿ ಊಟ ಬಿಟ್ಟಿದ್ಲು. ಅತ್ತಿ, ಅಂದ್ರ ಮಾವನ ಹೆಂಡ್ತಿ, ಸೈಕಲ್ ಗಂಟಿ ಕೇಳಿದ್ರ ಸಾಕು ಕೈಯಾಗಿನ ಕೊಡ ಬಿಟ್ಟುಬಿಡ್ತಿದ್ಲು. ಅಂಥಾದ್ರಾಗ ಒಂದು ದಿನ ಯಲಬುರ್ಗಾದಿಂದ ತಾರು ಬಂತು. ತಾರು ಅಂದ್ರ ಟೆಲಿಗ್ರಾಂ. ಆ ಕಾಲದಾಗ ನಮ್ಮ ಕಡೆ ತಾರು ಅಂದ್ರ ಒಂದಽ ಅರ್ಥ, ಯಾರೋ ಸತ್ತಾರ! ಒಳಗೇನು ಬರದೈತಿ ಅಂತ ಯಾರೂ ಓದತಿದ್ದಿಲ್ಲ. ಓದಾಕ ಇಂಗ್ಲಿಷ್ ಬರಬೇಕು, ಊರಾಗ ಇಂಗ್ಲಿಷ್ ಬಲ್ಲ ಮಾಸ್ತರು ಒಬ್ಬರಽ, ಅವರೂ ಊರಾಗ ಇದ್ದಿಲ್ಲ. ಅಳಾಕ ಇಂಗ್ಲಿಷ್ ಯಾಕ ಬೇಕ್ರಿ? ಅಜ್ಜಿ ಕಾಗದದ ಬಣ್ಣ ನೋಡಿದಾಕಿನಽ "ಅಯ್ಯೋ ನನ್ನ ಮಗನಽ" ಅಂತ ನೆಲಕ್ಕ ಬಿದ್ಲು. ಓಣಿ ಕೂಡಿತು. ಗ್ವಾಡಿ ಮ್ಯಾಲಿನ ಮಾವನ ಮಿಲ್ಟ್ರಿ ಫೋಟೋಕ್ಕ ಚೆಂಡುಹೂವಿನ ಹಾರ ಬಿತ್ತು, ಊದಿನಕಡ್ಡಿ ಹಚ್ಚಿದ್ರು. ಅತ್ತಿ ಕೈಯಾಗಿನ ಬಳಿ ಒಡೆಯಾಕ ಬಂದಾವರನ್ನ, "ಮೂರು ದಿನ ಆಗ್ಲಿ" ಅಂತ ಒಬ್ಬಾಕಿ ಮುದುಕಿ ತಡದ್ಲು. ಆ ಪುಣ್ಯಾತ್ಗಿತ್ತಿ ಹೊಟ್ಟಿ ತಣ್ಣಗಿರ್ಲಿ!

ಮೂರನೇ ದಿನ, ಸತ್ತಾವರ ಹೆಸರಿಲೆ ಮಾಡೂ ದಿನದ ಅಡಿಗಿ ಒಲಿ ಮ್ಯಾಲ ಇದ್ದಾಗ, ಹೆಗಲ ಮ್ಯಾಲ ಟ್ರಂಕು ಹೊತ್ತು ಕುಂಟಿಕೋತ ಮಾವ ಬಾಗಲಾಗ ನಿಂತ. ಕುಂತ ಹೆಣ್ಣುಮಕ್ಕಳು "ದೆವ್ವೋ" ಅಂತ ಚೀರಿ ಹಿತ್ತಲ ಬಾಗಲಿಂದ ಓಡಿದ್ರು. ಮಾವಗ ಏನೂ ತಿಳೀವಲ್ದು.

"ಯಾರು ತೀರಿಕೊಂಡ್ರು?" ಅಂತ ಕೇಳಿದ.

ಅಜ್ಜಿ ಗ್ವಾಡಿ ಕಡೆ ಬೆರಳು ತೋರಿಸಿ, "ನೀನಽ!" ಅಂದ್ಲು.

ಮಾವ ತಲಿ ಎತ್ತಿ ನೋಡ್ತಾನ, ತನ್ನ ಫೋಟೋ, ತನ್ನ ಹಾರ! ಆಮ್ಯಾಲ ಮಾಸ್ತರು ಬಂದು ತಾರು ಓದಿದ್ರು: "ರಜಾ ಸಿಕ್ಕೈತಿ, ಗುರುವಾರ ಬರ್ತೀನಿ." ತನ್ನ ದಿನದ ಊಟಾ ತಾನಽ ಕುಂತು ಉಂಡ ಮನಷ್ಯಾ ನಮ್ಮ ಮಾವ ಒಬ್ಬನಽ ಇರಬೇಕು! ಅವತ್ತಿಂದ ಹಾರ ಅಂದ್ರ ಅಂಜ್ತಾನ, ಇಷ್ಟಽ ಅಂತ ನಾವು ನಕ್ಕೋತ ಇದ್ವಿ.

ಒಂದು ಮಾತ್ರ ತಿಳೀತಿದ್ದಿಲ್ಲ. ಕಾಲಿನ ಪೆಟ್ಟಿನ ಸಲುವಾಗಿ ಮಿಲ್ಟ್ರಿ ಬಿಟ್ಟು ಬಂದ ಮ್ಯಾಲ, ಪ್ರತಿ ವರ್ಷ ಅಗಸ್ಟ್ ಹದಿನೈದಕ್ಕ, ಝೆಂಡಾ ಏರಿಸೂ ದಿನ, ಮಾವ ಊರಾಗ ಇರ್ತಿದ್ದಿಲ್ಲ. ಮೊದಲನೇ ಬಸ್ಸಿಗೆ ಹೋದಾವ ಹೊತ್ತು ಮುಳುಗಿದ ಮ್ಯಾಲ ಬರ್ತಿದ್ದ. ಬಂದು ಯಾರ ಕೂಡಾನೂ ಮಾತಾಡ್ತಿದ್ದಿಲ್ಲ. ಕೇಳಿದ್ರ ಅತ್ತಿ, "ಬಿಡವಾ, ಸಾಲಿ ಮಂದಿ ಹಾರ ಹಾಕ್ಯಾರು ಅಂತ ಓಡ್ತಾನ" ಅಂತಿದ್ಲು.

ಎಂಬತ್ತರ ಈಚೆಗೆ ನನಗ ಅದಽ ಊರಿನ ಸಾಲ್ಯಾಗ ನೌಕರಿ ಆತು, ಮಾವನ ಮನ್ಯಾಗಽ ಇದ್ದೆ. ಆ ವರ್ಷ ಹೆಡ್ ಮಾಸ್ತರು ನನ್ನ ಕರದು, "ಅಕ್ಕೋರಽ, ಝೆಂಡಾದ ದಿನ ನಿಮ್ಮ ಮಾವಗ ಸನ್ಮಾನ ಐತಿ. ಮ್ಯಾಲಿನ ಸಾಹೇಬ್ರು ಬರ್ತಾರ. ಹವಾಲ್ದಾರ್ರು ತಪ್ಪಿಸ್ಕೊಂಡ್ರ ನನ್ನ ಮಾನ ಹೋಕ್ಕೈತಿ, ನಿಮ್ಮ ನೌಕರಿ ಹೋಕ್ಕೈತಿ" ಅಂದ್ರು. ಸಾಹೇಬ್ರಿಗೆ ಅವರು ಅಂಜಿದ್ರು, ಅವರಿಗೆ ನಾ ಅಂಜಿದೆ, ಹಾರಕ್ಕ ಮಾವ ಅಂಜಿದ. ಸ್ವಾತಂತ್ರ್ಯದ ದಿನ ನಮ್ಮ ಪರಿಸ್ಥಿತಿ ಇದು ನೋಡ್ರಿ!

ಹಿಂದಿನ ದಿನಾನಽ ಮಾವನ ಚಪ್ಪಲಿ, ಛತ್ರಿ, ಕನ್ನಡಕ ಎಲ್ಲಾ ತಗೊಂಡು ಜ್ವಾಳದ ಚೀಲದ ಹಿಂದ ಬಚ್ಚಿಟ್ಟೆ. ಮುಂಜಾನೆ ಎದ್ದು ನೋಡಿದ್ರ ಹಾಸಿಗಿ ಖಾಲಿ! ಬರಿಗಾಲಲೆ ಹೋಗ್ಯಾನ. ಎದ್ದೆನೋ ಬಿದ್ದೆನೋ ಅಂತ ಓಡಿದೆ. ಕುಷ್ಟಗಿ ಬಸ್ಸು ಹೊಂಟಿತ್ತು, ಒಳಗ ಗದ್ದಲದಾಗ ಮಾವ ಕಂಡ, ಹತ್ತಿಬಿಟ್ಟೆ. ಕುಷ್ಟಗ್ಯಾಗ ಇಳಿದು ಅಂವ ಕನಕಗಿರಿ ಬಸ್ಸು ಹತ್ತಿದ. ನಾನೂ ಹತ್ತಿ ಬಾಜೂಕ ಹೋಗಿ ಕುಂತೆ.

"ನನ್ನ ನೌಕರಿ ಕಳೀತಿ ಏನು ಮಾವಾ? ಒಂದು ಹಾರ ಹಾಕಿಸ್ಕೊಂಡ್ರ ನಿನ್ನ ಗಂಟೇನು ಹೋಕ್ಕೈತಿ?"

ಮಾವ ಬೈಯಲಿಲ್ಲ. ಕೈಯಾಗಿನ ಟಿಕೇಟು ಮಡಚಿ, ಬಿಚ್ಚಿ, ಮತ್ತ ಮಡಚಿದ. ಅದನ್ನ ನೋಡಿ ನನ್ನ ಸಿಟ್ಟು ಜರ್ ಅಂತ ಇಳೀತು.

"ನನಗ ಭಾಳ ಅಂಜಿಕಿ ಆಗೈತಿ ಮಗಳಽ" ಅಂದ. "ಇವತ್ತರೆ ಹೇಳೇ ಬಿಡಬೇಕು ಅಂತ ಹೊಂಟೀನಿ. ಪ್ರತಿ ವರ್ಷ ಹಿಂಗಽ ಹೊಂಡ್ತೀನಿ."

ಆಮ್ಯಾಲ ಹೇಳಿದ. ಕನಕಗಿರಿಯ ಗೆಳೆಯಾ ಒಬ್ಬ ಇದ್ದ, ಇಬ್ಬರೂ ಒಂದಽ ದಿನ ಭರ್ತಿ ಆದಾವರು. ಯುದ್ಧದಾಗ ಇಬ್ಬರಿಗೂ ಪೆಟ್ಟಾತು. ಮಾವಗ ರಜಾ ಸಿಕ್ಕಾಗ ಗೆಳೆಯಾ ಇನ್ನಾ ದವಾಖಾನ್ಯಾಗ ಇದ್ದ. "ನಮ್ಮವ್ವಗ ಆರಾಮ ಅದಾನ ಅಂತ ಹೇಳು. ಅಗಸ್ಟಿನ ಝೆಂಡಾಕ್ಕ ಬರ್ತೀನಿ, ಪುಂಡಿಪಲ್ಯ ಮಾಡಿಡು ಅಂತ ಹೇಳು" ಅಂದಿದ್ದ. ಮಾವ ಮನಿಗೆ ಬಂದು, ತನ್ನ ಹಾರದ ಕಥಿ ಮುಗಿಸಿಕೊಂಡು, ಮರುದಿನಾನಽ ಕನಕಗಿರಿಗೆ ಹೋಗಿ ಆ ತಾಯಿಗೆ ಎಲ್ಲಾ ಹೇಳಿದ. ತಾರಿನ ಕಥಿನೂ ಹೇಳಿದ. ಆಕಿ ಹೊಟ್ಟಿ ಹಿಡ್ಕೊಂಡು ನಕ್ಕಳಂತ.

"ನಗಿಸೂ ಭರದಾಗ ಒಂದು ಮಾತು ಅಂದುಬಿಟ್ಟೆ. ತಾರು ಬಂದ್ರ ನಂಬಬ್ಯಾಡ ಯವ್ವಾ, ಎಲ್ಲಾ ಸುಳ್ಳ ಇರ್ತಾವು ಅಂದೆ. ಎಂಟನೇ ದಿನಕ್ಕ ಆಕಿ ಮನಿಗೂ ತಾರು ಬಂತು. ಅದು ಸುಳ್ಳ ಇದ್ದಿಲ್ಲ ಮಗಳಽ."

ಆ ತಾಯಿ ತಾರನ್ನ ಜಂತ್ಯಾಗ ಸಿಗಿಸಿ, "ಬೇವೂರಿನ ಹುಡುಗನ ತಾರಿನಂಗ ಇದೂ" ಅಂದಿದ್ಲಂತ. ಫೋಟೋಕ್ಕ ಯಾರಿಗೂ ಹಾರ ಹಾಕಗೊಡಲಿಲ್ಲಂತ.

"ಪ್ರತಿ ಝೆಂಡಾಕ್ಕ ಹೋಗ್ತೀನಿ. ಪುಂಡಿಪಲ್ಯ ಮಾಡಿರ್ತಾಳ. ನನ್ನ ಮಗಾ ಯಾವಾಗ ಬರ್ತಾನ ತಮ್ಮಾ ಅಂತ ಕೇಳ್ತಾಳ. ಈ ವರ್ಷ ರಜಾ ಸಿಗಲಿಲ್ಲ ಯವ್ವಾ ಅಂತೀನಿ. ಹನ್ನೆರಡು ವರ್ಷ ಆತು! ನನ್ನ ಫೋಟೋಕ್ಕ ಬಿದ್ದ ಹಾರ ಖರೇ ಅಂದ್ರ ಅಂವಂದು. ವಿಳಾಸ ತಪ್ಪಿ ನಮ್ಮ ಮನಿಗೆ ಬಂದಿತ್ತು. ಅದನ್ನ ನಾ ಹ್ಯಾಂಗ ಹಾಕಿಸ್ಕೊಳ್ಳಿ?"

ಕನಕಗಿರಿಯಾಗ ಇಳಿದು ಆ ಮನಿ ಮುಟ್ಟಿದ್ವಿ. ಸಣ್ಣ ಮನಿ. ಹಿತ್ತಲದಾಗ ಚೆಂಡುಹೂವಿನ ಗಿಡ ತುಂಬಿ ಅರಳಿದ್ದುವು. ಗ್ವಾಡಿಗೆ ಫೋಟೋ, ಹಾರ ಇಲ್ಲ. ಮುದುಕಿ, "ಬಾ ತಮ್ಮಾ, ಈಕಿ ಯಾರು? ತಂಗಿ ಮಗಳೇನು?" ಅಂತ ತಾಟು ಹಾಕಿ ರೊಟ್ಟಿ, ಪುಂಡಿಪಲ್ಯ ನೀಡಿದ್ಲು. ನೀಡಿಕೋತಽ ಕೇಳಿದ್ಲು, "ನನ್ನ ಮಗಾ ಯಾವಾಗ ಬರ್ತಾನ?"

ಮಾವ ತುತ್ತು ಕೆಳಗಿಟ್ಟ. ಯುದ್ಧದಾಗೂ ಅಂವ ಅಷ್ಟು ಅಂಜಿರಲಿಕ್ಕಿಲ್ಲ. ಹೇಳಿದ್ರ ಈ ಮುದುಕಿ ಎದಿ ಒಡದು ಸತ್ತಾಳೋ ಏನೋ ಅಂತ ನಾ ಕಣ್ಣು ಮುಚ್ಚಿಕೊಂಡೆ.

"ಯವ್ವಾ... ಅಂವ ಬರೂದಿಲ್ಲ."

ಮುದುಕಿ ಇನ್ನೊಂದು ಸೌಟು ಪಲ್ಯ ಅಂವನ ತಾಟಿಗೆ ಹಾಕಿದ್ಲು.

"ಗೊತ್ತೈತಿ ತಮ್ಮಾ. ತಿಂಗಳಾ ತಿಂಗಳಾ ಹೆಬ್ಬಟ್ಟು ಒತ್ತಿ ಮಗನ ಪಿಂಚಣಿ ತಗೊಳ್ಳಾಕಿ ನಾ. ಗೊತ್ತಾಗದಽ ಇರ್ತೈತೇನು?"

"ಮತ್ತ ಪ್ರತಿ ವರ್ಷ ಯಾಕ ಕೇಳ್ತಿದ್ದಿ ಯವ್ವಾ?"

"ನೀ ಹೇಳಿ ಮುಗಿಸಿದ್ರ ಮುಂದಿನ ವರ್ಷ ಯಾಕ ಬರ್ತಿ? ಅದಽ ಅಂಜಿಕಿ ನನಗ."

ಮಾವ ತಾಟಿನ ಮುಂದ ಕುಂತಲ್ಲೇ ಬಿಕ್ಕಿ ಬಿಕ್ಕಿ ಅತ್ತ. ನಾನೂ ಅತ್ತೆ, ಉಳ್ಳಾಗಡ್ಡಿ ಏನೂ ಇದ್ದಿಲ್ಲ ಅಲ್ಲಿ. ಆಮ್ಯಾಲ ಮುದುಕಿ ಹಿತ್ತಲದ ಹೂವು ಹರಕೊಂಡು ಬಂದು ನನ್ನ ಮುಂದ ಸುರುವಿದ್ಲು. ನಾ ಕಟ್ಟಿದೆ. ಫೋಟೋಕ್ಕ ಹಾರ ಹಾಕಿದಾವ ನಮ್ಮ ಮಾವ. ಈ ಸಲ ಓಡಲಿಲ್ಲ.

ಸಾಲ್ಯಾಗ ನನಗ ಮೆಮೊ ಸಿಕ್ತು ಅನ್ರಿ. ನೌಕರಿ ಉಳೀತು. ಮುಂದಿನ ವರ್ಷ ಝೆಂಡಾ ಏರಿಸಿ, ಹೆಡ್ ಮಾಸ್ತರ ಕೈಲೆ ಹಾರಾನೂ ಹಾಕಿಸ್ಕೊಂಡು, ಮಾವ ಆ ಹಾರ ವಸ್ತ್ರದಾಗ ಸುತ್ತಿಕೊಂಡು ಕನಕಗಿರಿ ಬಸ್ಸು ಹತ್ತಿದ. ನಾನೂ ಜೋಡಿ ಹೋಗಿದ್ದೆ. ಮುದುಕಿ ತಾಟು ಇಟ್ಟು, ರೂಢಿ ಬಿಡಲಾರದಽ ಮತ್ತ ಕೇಳಿದ್ಲು, "ನನ್ನ ಮಗಾ ಯಾವಾಗ ಬರ್ತಾನ ತಮ್ಮಾ?"

ಮಾವ ಹಾರ ಫೋಟೋಕ್ಕ ಹಾಕಿ ಬಂದು ಕುಂತ. "ಬಂದೀನಲ್ಲ ಯವ್ವಾ" ಅಂದ, "ಪುಂಡಿಪಲ್ಯ ನೀಡು."